ಕಳೆದುಹೋದ ಎರಡು ಕ್ಷೇತ್ರಗಳ ಮತದಾರ

ಮಗಳ ಸಿವಿಕ್ಸ್ ಹೋಂವರ್ಕಿಗೆಂದು ಹಳೇ ಕಾಗದಪತ್ರ ಇಟ್ಟಿರುವ ಬಿಸ್ಕತ್ತಿನ ಡಬ್ಬಿ ತೆಗೆದೆ. ನಾವಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹತ್ತನೇ ಗ್ರೇಡಿನ ಮಕ್ಕಳಿಗೆ ಈ ಸಿವಿಕ್ಸ್ ಕಡ್ಡಾಯ. ನಮ್ಮ ಕಾಲದ ಪೌರನೀತಿ ಪಾಠದಂತೆಯೇ, ಬಾಯಿಪಾಠ ಮಾತ್ರ ಕಡಿಮೆ. ಮನೆಯ ಹಿರಿಯರೊಬ್ಬರು ಮತ ಹಾಕಿದ ಕ್ಷೇತ್ರ ಯಾವುದು, ಅದರ ಹಿಂದುಮುಂದು ಏನು ಅಂತ ಕೇಳಿ ಬರೆದುಕೊಂಡು ಬರಬೇಕಂತೆ. ಡಬ್ಬಿಯಲ್ಲಿ ಎರಡು ಚೀಟಿ ಸಿಕ್ಕವು. ಒಂದು ಊರಿನ ಮತದಾರರ ಗುರುತಿನ ಚೀಟಿ. ಲ್ಯಾಮಿನೇಷನ್ ಅಂಚು ಬಿಟ್ಟುಕೊಂಡಿದೆ, ಫೋಟೋದಲ್ಲಿರುವುದು ನಾನೋ ನಮ್ಮಣ್ಣನೋ ಅಂತ ಅವ್ವನೇ ಅನುಮಾನ ಪಟ್ಟಿದ್ದಳು. ವಿಧಾನಸಭಾ ಕ್ಷೇತ್ರ: ಸಂತೇಮರಹಳ್ಳಿ. ಇನ್ನೊಂದು 2014ರ ಜೂನ್ ಚುನಾವಣೆಗೆ ಅಂಚೆಯಲ್ಲಿ ಬಂದಿದ್ದ ಒಂಟಾರಿಯೊದ ಕಾರ್ಡು. ಕ್ಷೇತ್ರ: ಬ್ರಾಮಲೀ–ಗೋರ್–ಮಾಲ್ಟನ್.

ಮಗಳು ಎರಡೂ ಹೆಸರನ್ನು ಫೋನಿನಲ್ಲಿ ಹುಡುಕಿ, "ಅಪ್ಪ, ಎರಡೂ ಈಗ ಇಲ್ವಲ್ಲ!" ಅಂದಳು.

ಹೌದು, ಇಲ್ಲ. ಚಾಮರಾಜನಗರ ಜಿಲ್ಲೆಯದು 2008ರಲ್ಲಿ ಹೋಯಿತು, ಒಂಟಾರಿಯೊದ್ದು 2018ರಲ್ಲಿ. ನಾನು ಎಲ್ಲಿ ಕಾಲಿಟ್ಟರೆ ಅಲ್ಲಿಯ ಕ್ಷೇತ್ರ ಮಾಯ ಅಂತ ಹೆಂಡತಿ ನಗುತ್ತಾಳೆ. ಎರಡು ದೇಶದವರು ಈ ಕೆಲಸ ಮಾಡುವ ಬಗೆಯನ್ನು ಕೆಳಗಿನಿಂದ, ಅಂದರೆ ಕ್ಷೇತ್ರ ಕಳೆದುಕೊಂಡವನ ಜಾಗದಿಂದ, ನೋಡಿದವರು ಹೆಚ್ಚಿಲ್ಲ. ಅದಕ್ಕೇ ಬರೆಯಬೇಕೆನಿಸಿತು.

ಮೊದಲು ಇಲ್ಲಿಯದು. ಕೆನಡಾದಲ್ಲಿ ಕ್ಷೇತ್ರಕ್ಕೆ ಜನ ಆಡುವ ಮಾತು ‘ರೈಡಿಂಗ್’. ಕುದುರೆ ಸವಾರಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರನ್ನು ಮೂರು ಪಾಲು ಮಾಡಿದ್ದಾಗ ಒಂದೊಂದು ಪಾಲಿಗೆ, ಮೂರನೇ ಒಂದು ಅನ್ನುವ ಅರ್ಥದಲ್ಲಿ, ಇದ್ದ ಹಳೇ ಹೆಸರು ಸವೆದು ಹೀಗಾಯಿತು. ನಾನು ಬಂದ ಹೊಸತರಲ್ಲಿ ಮಾಲ್ಟನ್ನಿನ ವಿಮಾನ ಸರಕಿನ ಗೋದಾಮಿನಲ್ಲಿ ಪಾಳಿ ಕೆಲಸ ಮಾಡುತ್ತಿದ್ದೆ. ಜೊತೆಯವನೊಬ್ಬ "ನಿನ್ನ ರೈಡಿಂಗ್ ಯಾವುದು?" ಅಂದಾಗ ಬಸ್ ನಂಬರು ಹೇಳಿದ್ದೆ.

ಬ್ರಾಮಲೀ–ಗೋರ್–ಮಾಲ್ಟನ್ ಅನ್ನುವ ಹೆಸರೇ ಆ ನೆಲದ ಪಹಣಿ ಇದ್ದಂತೆ. ಬ್ರಾಮಲೀ ಅನ್ನುವುದು 1950ರ ದಶಕದ ಕೊನೆಯಲ್ಲಿ ಹೊಲಗಳ ಮೇಲೆ ನಕ್ಷೆ ಹಾಕಿ ಕಟ್ಟಿದ ಹೊಸ ಊರು. ಟೊರಾಂಟೊ ಪಕ್ಕದ ಬ್ರಾಂಪ್ಟನ್ ನಗರದ ‘ಬ್ರಾ’, ಮಾಲ್ಟನ್ನಿನ ‘ಮಾಲ್’, ಹುಲ್ಲುಗಾವಲು ಎಂಬರ್ಥದ ‘ಲೀ’, ಮೂರನ್ನೂ ಸೇರಿಸಿ ಹೆಸರಿಟ್ಟರು ಅನ್ನುತ್ತಾರೆ. ಅಲ್ಲಿನ ಬೀದಿಗಳಿಗೆ ಒಂದು ವಿಚಿತ್ರ ಶಿಸ್ತಿದೆ. ಒಂದು ಬಡಾವಣೆಯ ಎಲ್ಲ ಬೀದಿಯ ಹೆಸರೂ ಒಂದೇ ಅಕ್ಷರದಿಂದ ಶುರುವಾಗಬೇಕು. ನಾವು ಮೊದಲು ಬಾಡಿಗೆಗಿದ್ದದ್ದು ‘ಜಿ’ ಸೆಕ್ಷನ್ನಿನಲ್ಲಿ. ಹಿಮ ಬಿದ್ದ ರಾತ್ರಿ ಪಾಳಿ ಮುಗಿಸಿ ಬಂದವನು ಜಿ ಅಂದರೆ ಸಾಕು ಅಂತ ತಿರುಗಿ, ತಿರುಗಿ, ಇನ್ಯಾರದೋ ಬಾಗಿಲಿಗೆ ಬೀಗದ ಕೈ ಹಾಕಿದ್ದೂ ಇದೆ. ಗೋರ್ ಅಂದರೆ ಹಿಂದಿನ ಕಾಲದ ಮೋಜಣಿಯವರು ಪಟ್ಟಿ ಹಿಡಿದು ಚೌಕ ಚೌಕವಾಗಿ ನೆಲ ಅಳೆದ ಮೇಲೆ ಚೌಕಕ್ಕೆ ಕೂಡದೆ ಉಳಿದ ಮೂಲೆ ತುಂಡು. ‘ಟೊರಾಂಟೊ ಗೋರ್’ ಅಂತಲೇ ಅದಕ್ಕೊಂದು ಟೌನ್‌ಶಿಪ್ ಇತ್ತು, 1974ರಲ್ಲಿ ಬ್ರಾಂಪ್ಟನ್ ನಗರದೊಳಕ್ಕೆ ಹೋಯಿತು. ಹಿಂದೂ ಸಭಾ ಮಂದಿರ ಇರುವ ರಸ್ತೆಗೆ ಇವತ್ತಿಗೂ ಗೋರ್ ರೋಡ್ ಅಂತಲೇ ಹೆಸರು. ಅಲ್ಲಿಗೆ ಬರುವ ನೂರಾರು ಜನಕ್ಕೆ ಅದು ಸರ್ವೆಯಲ್ಲಿ ಮಿಕ್ಕ ತುಂಡಿನ ಹೆಸರು ಅಂತ ಗೊತ್ತಿರಲಾರದು. ಮಾಲ್ಟನ್ ಅಂದರೆ ವಿಮಾನ ನಿಲ್ದಾಣ. ಈಗಿನ ಪಿಯರ್‌ಸನ್ ನಿಲ್ದಾಣದ ಮೂಲ ಹೆಸರೇ ಮಾಲ್ಟನ್. ಕೆನಡಾ ತಾನೇ ರೂಪಿಸಿದ ‘ಏವ್ರೊ ಆರೊ’ ಯುದ್ಧ ವಿಮಾನ ತಯಾರಾಗುತ್ತಿದ್ದದ್ದು ಇಲ್ಲೇ. 1959ರ ಫೆಬ್ರವರಿ 20ರಂದು ಸರ್ಕಾರ ಆ ಯೋಜನೆಯನ್ನೇ ರದ್ದು ಮಾಡಿತು. ಸಾವಿರಾರು ಜನ ಒಂದೇ ಮಧ್ಯಾಹ್ನ ಕೆಲಸ ಕಳೆದುಕೊಂಡು ಮನೆಗೆ ಹೋದರು. ಹಳಬರು ಆ ಶುಕ್ರವಾರವನ್ನು ಇನ್ನೂ ಕರಿ ಶುಕ್ರವಾರ ಅಂತಾರೆ.

ಇಷ್ಟು ಬೇರೆ ಬೇರೆ ಗುಣದ ಮೂರು ಜಾಗವನ್ನು ಅಡ್ಡಗೆರೆ ಹಾಕಿ ಒಂದು ಕ್ಷೇತ್ರ ಮಾಡಿದ್ದರು. ಅದಕ್ಕೂ ಹಿಂದೆ ಈ ನೆಲವೆಲ್ಲ ಒಂದೇ ಕ್ಷೇತ್ರ, ಹೆಸರು ಪೀಲ್. 1867ರಲ್ಲಿ ಒಂಟಾರಿಯೊ ಪ್ರಾಂತ್ಯ ಹುಟ್ಟಿದಾಗ ಇದ್ದ 82 ಕ್ಷೇತ್ರಗಳಲ್ಲಿ ಅದೂ ಒಂದು. ಆ ಪೀಲ್‌ನಲ್ಲಿ ಥಾಮಸ್ ಕೆನಡಿ ಎಂಬ ರೈತ 1919ರಲ್ಲಿ ಗೆದ್ದವರು, 1934ರಲ್ಲಿ ಒಮ್ಮೆ ಸೋತು, 1937ರಲ್ಲಿ ಮತ್ತೆ ಗೆದ್ದು, 1959ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಕೃಷಿ ಮಂತ್ರಿಯಾಗಿ ಹೆಸರು ಮಾಡಿದವರು, ನಡುವೆ ಕೆಲವು ತಿಂಗಳು ಪ್ರೀಮಿಯರ್ ಕೂಡ ಆಗಿದ್ದರು. ಪ್ರೀಮಿಯರ್ ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಅವರ ನಂತರ ಅದೇ 1959ರಲ್ಲಿ, ಏವ್ರೊ ಕಾರ್ಖಾನೆ ಬಿಕೋ ಎನ್ನುತ್ತಿದ್ದ ಬೇಸಿಗೆಯಲ್ಲಿ, ಬ್ರಾಂಪ್ಟನ್ನಿನ ಹುಡುಗ ವಕೀಲ ಬಿಲ್ ಡೇವಿಸ್ ಗೆದ್ದರು. ವಯಸ್ಸು 29. ಶಿಕ್ಷಣ ಮಂತ್ರಿಯಾಗಿ ಈ ಪ್ರಾಂತ್ಯಕ್ಕೆ ಕಮ್ಯೂನಿಟಿ ಕಾಲೇಜುಗಳನ್ನು ತಂದರು, 1971ರಿಂದ 1985ರವರೆಗೆ ಪ್ರೀಮಿಯರ್ ಆಗಿದ್ದರು. ನಾನು ಸಂಜೆ ಕೋರ್ಸು ಮಾಡಿ ಗೋದಾಮಿನಿಂದ ಆಫೀಸಿಗೆ ಬಡ್ತಿ ಪಡೆದದ್ದು ಅಂಥದೇ ಒಂದು ಕಾಲೇಜಿನ ದೆಸೆಯಿಂದ. ಹಾಗಾಗಿ ಈ ಮನುಷ್ಯನ ಮೇಲೆ ನನಗೆ ಸ್ವಲ್ಪ ಪಕ್ಷಪಾತ.

ಆದರೆ ನೋಡಿ, ಡೇವಿಸ್ ಮನೆ ಬದಲಾಯಿಸಲಿಲ್ಲ, ಕ್ಷೇತ್ರ ಬದಲಾಗುತ್ತಲೇ ಹೋಯಿತು. ಮೊದಲು ಪೀಲ್, 1967ರಿಂದ ಪೀಲ್ ನಾರ್ತ್, 1975ರಿಂದ ಬ್ರಾಂಪ್ಟನ್. ಒಬ್ಬನೇ ಮನುಷ್ಯ, ಒಂದೇ ಊರು, ಮೂರು ಕ್ಷೇತ್ರ. ಜನ ಹೆಚ್ಚಿದ ಹಾಗೆ ಅಂಗಿ ಹೊಲಿಗೆ ಬಿಚ್ಚಿ ದೊಡ್ಡದು ಮಾಡುವಂತೆ ಇವರು ಗೆರೆ ಬಿಚ್ಚುತ್ತಾ ಬಂದಿದ್ದಾರೆ. ಅಂದು ಒಬ್ಬರನ್ನು ಕಳಿಸುತ್ತಿದ್ದ ಪೀಲ್ ಪ್ರದೇಶ ಇವತ್ತು ಬ್ರಾಂಪ್ಟನ್ನಿನಿಂದ ಐವರನ್ನು, ಮಿಸಿಸಾಗಾದಿಂದ ಆರು ಜನರನ್ನು ಕಳಿಸುತ್ತದೆ. ಕ್ಯಾಲೆಡನ್ ಭಾಗ ಪಕ್ಕದ ಡಫರಿನ್ ಜೊತೆ ಸೇರಿ ಇನ್ನೊಂದು.

ನಡುವೆ ಒಂದು ಸಲ ಅಂಗಿ ಬಿಗಿಯನ್ನೂ ಮಾಡಿದರು. 1996ರಲ್ಲಿ ಆಗಿನ ಪ್ರೀಮಿಯರ್ ಮೈಕ್ ಹ್ಯಾರಿಸ್ ಸರ್ಕಾರ ಒಂದು ಕಾಯ್ದೆ ತಂದು 130 ಸ್ಥಾನಗಳನ್ನು 103ಕ್ಕೆ ಇಳಿಸಿತು. ಒಟ್ಟಾವಾದ ಸಂಸತ್ತಿಗೆ ಯಾವ ಗೆರೆಯೋ ಪ್ರಾಂತ್ಯಕ್ಕೂ ಅದೇ ಗೆರೆ ಅಂದಿತು. ಆ ಕಾಯ್ದೆಯ ಹೆಸರೇನು ಗೊತ್ತೆ? ‘ಕಡಿಮೆ ರಾಜಕಾರಣಿಗಳ ಕಾಯ್ದೆ’. ತಮಾಷೆಯಲ್ಲ, ಅಧಿಕೃತ ಹೆಸರೇ ಅದು. ವಿಧಾನಸೌಧದಲ್ಲಿ ಇಂಥ ಹೆಸರಿನ ಮಸೂದೆ ಮಂಡಿಸುವ ಧೈರ್ಯ ಯಾವ ಪಕ್ಷಕ್ಕಿದೆಯೋ ನೋಡಬೇಕು. ಹಾಗೆ 1999ರ ಚುನಾವಣೆಗೆ ಬ್ರಾಮಲೀ–ಗೋರ್–ಮಾಲ್ಟನ್–ಸ್ಪ್ರಿಂಗ್‌ಡೇಲ್ ಎಂಬ ರೈಲಿನಂಥ ಹೆಸರಿನ ಕ್ಷೇತ್ರ ಬಂತು. ರಮಿಂದರ್ ಗಿಲ್ ಗೆದ್ದರು. 2003ರಲ್ಲಿ ವೈದ್ಯರಾಗಿದ್ದ ಕುಲದೀಪ್ ಕುಲಾರ್. 2007ರಲ್ಲಿ ಸ್ಪ್ರಿಂಗ್‌ಡೇಲ್ ಬೋಗಿ ಕಳಚಿಕೊಂಡು ಕ್ಷೇತ್ರ ಬ್ರಾಮಲೀ–ಗೋರ್–ಮಾಲ್ಟನ್ ಆಯಿತು. ಆಗಲೂ ಕುಲಾರ್ ಅವರೇ. 2011ರಲ್ಲಿ ಜಗಮೀತ್ ಸಿಂಗ್.

ಹೆಸರುಗಳನ್ನು ನೋಡಿದರೇ ಆ ಸೀಮೆಯ ಬದಲಾವಣೆ ತಿಳಿಯುತ್ತದೆ. ಸಂಸತ್ತಿಗೆ ಇದೇ ಹೆಸರಿನ ಕ್ಷೇತ್ರದಿಂದ 1993ರಲ್ಲಿ ಗುರ್ಬಕ್ಷ್ ಸಿಂಗ್ ಮಲ್ಹಿ ಪೇಟ ಕಟ್ಟಿಕೊಂಡು ಹೋಗಿ ಕೂತಿದ್ದರು. ಜಗಮೀತ್ ಒಂಟಾರಿಯೊ ಶಾಸನಸಭೆಯ ಮೊದಲ ಪೇಟಧಾರಿ ಸದಸ್ಯ. ಅವರ ರಾಜಕೀಯ ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ, ಭಾರತದ ವಿಚಾರದಲ್ಲಂತೂ ಅಲ್ಲ. ಆದರೆ ಕಾರಿನ ವಿಮೆ ಬಗ್ಗೆ ಅವರು ಮಾತಾಡಿದಾಗ ನಮ್ಮ ಬೀದಿಯ ಪಂಜಾಬಿ, ಜಮೈಕನ್, ತಮಿಳು, ಕನ್ನಡ ಎಲ್ಲ ಮನೆಯೂ ಕಿವಿ ನಿಮಿರಿಸುತ್ತಿತ್ತು. ಬ್ರಾಂಪ್ಟನ್ ವಿಳಾಸ ಅಂದ ಕೂಡಲೇ ವಿಮೆಯ ಕಂತು ಏರುತ್ತದೆ. ಅದೇ ಕಾರು, ಅದೇ ಚಾಲಕ, ಪಕ್ಕದ ಊರಿಗೆ ಮನೆ ಬದಲಿಸಿದರೆ ಕಂತು ಇಳಿಯುತ್ತದೆ. ಗೆರೆ ಅಂದರೆ ಏನು ಅಂತ ನನಗೆ ಇಲ್ಲಿ ಮೊದಲು ಅರ್ಥ ಮಾಡಿಸಿದ್ದು ಚುನಾವಣೆಯಲ್ಲ, ವಿಮೆ ಕಂಪನಿಯ ಪಿನ್‌ಕೋಡು.

ನಾನು ಆ ಕ್ಷೇತ್ರದಲ್ಲಿ ಮತ ಹಾಕಿದ್ದು ಒಂದೇ ಸಲ, 2014ರಲ್ಲಿ, ಪೌರತ್ವ ಬಂದ ಮೇಲೆ. ಶಾಲೆಯ ಜಿಮ್ಮಿನಲ್ಲಿ, ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ರಟ್ಟಿನ ಮರೆಯ ಹಿಂದೆ. ಸಾಲಿನಲ್ಲಿ ಹತ್ತು ಜನವೂ ಇರಲಿಲ್ಲ. ಬೆರಳಿಗೆ ಶಾಯಿ ಇಲ್ಲ. ಹೊರಗೆ ಬಂದಾಗ ಏನೋ ಕೊರತೆ ಅನ್ನಿಸಿ, ಎಡಗೈ ತೋರುಬೆರಳನ್ನು ಸುಮ್ಮನೆ ನೋಡಿಕೊಂಡೆ.

2017ರ ಅಕ್ಟೋಬರಿನಲ್ಲಿ ಜಗಮೀತ್ ತಮ್ಮ ಪಕ್ಷದ ರಾಷ್ಟ್ರಮಟ್ಟದ ನಾಯಕರಾಗಿ ಇಲ್ಲಿಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಉಪಚುನಾವಣೆ ನಡೆಯಲೇ ಇಲ್ಲ. ಮುಂದಿನ ಜೂನಿಗೆ ಹೇಗೂ ಸಾರ್ವತ್ರಿಕ ಚುನಾವಣೆ, ಅದೂ ಹೊಸ ಗೆರೆಗಳ ಮೇಲೆ. ಹಾಗಾಗಿ ನಮ್ಮ ಕ್ಷೇತ್ರ ಕೊನೆಯ ಅರ್ಧ ವರ್ಷ ಪ್ರತಿನಿಧಿಯೇ ಇಲ್ಲದೆ ಇದ್ದು, ಹಾಗೇ ಕಣ್ಣು ಮುಚ್ಚಿತು. ಯಾರೂ ಅಳಲಿಲ್ಲ. ಪ್ರತಿಭಟನೆ, ಬಂದ್, ಟಯರ್ ಸುಡುವುದು, ಒಂದೂ ಇಲ್ಲ. ಮಾಲ್ಟನ್ ತುಂಡು ಮಿಸಿಸಾಗಾ–ಮಾಲ್ಟನ್ ಕ್ಷೇತ್ರಕ್ಕೆ ಹೋಯಿತು. ಉಳಿದ ಬ್ರಾಂಪ್ಟನ್ ಭಾಗ ಬೇರೆ ಬೇರೆ ಹೊಸ ಕ್ಷೇತ್ರಗಳಿಗೆ ಹಂಚಿಹೋಯಿತು. ಹೊಸ ಬ್ರಾಂಪ್ಟನ್ ಈಸ್ಟ್‌ನಲ್ಲಿ ಜಗಮೀತರ ತಮ್ಮ ಗುರ್ರತನ್ ಸಿಂಗ್ ಗೆದ್ದರು. ಕುಟುಂಬ ರಾಜಕಾರಣ ನಮ್ಮೂರಿನದೇ ಸ್ವತ್ತು ಅಂದುಕೊಂಡಿದ್ದವನಿಗೆ ಸ್ವಲ್ಪ ಸಮಾಧಾನವಾಯಿತು. ಇಲ್ಲಿ ಅದು ಹೆಚ್ಚು ದಿನ ನಿಲ್ಲಲಿಲ್ಲ. 2022ರಲ್ಲಿ ಬ್ರಾಂಪ್ಟನ್ನಿನ ಐದಕ್ಕೆ ಐದೂ ಡಗ್ ಫೋರ್ಡರ ಕನ್ಸರ್ವೇಟಿವ್ ಪಕ್ಷಕ್ಕೆ ಹೋದವು.

ಈಗ ಊರಿನ ಕತೆ. ಸಂತೇಮರಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ. ಕರ್ನಾಟಕದ ರಾಜಕೀಯ ಓದುವ ಎಲ್ಲರಿಗೂ ಆ ಹೆಸರು ಒಂದೇ ಕಾರಣಕ್ಕೆ ನೆನಪು. 2004ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರು ಬಿ. ರಾಚಯ್ಯನವರ ಮಗ. ಮಂತ್ರಿಯಾಗಿ, ಕೇರಳದ ರಾಜ್ಯಪಾಲರಾಗಿ ದೊಡ್ಡ ಹೆಸರು ಮಾಡಿದ ರಾಚಯ್ಯನವರು ನಮ್ಮ ಸೀಮೆಯವರೇ, ಆಲೂರಿನವರು. ಅಂಥವರ ಮಗ ಒಂದೇ ಒಂದು ಮತದಿಂದ ಸೋತರು. ಅವರ ಕಾರು ಚಾಲಕನಿಗೇ ಆ ದಿನ ಮತ ಹಾಕಲು ಬಿಡುವಾಗಲಿಲ್ಲ ಅನ್ನುವ ಮಾತು ಆಮೇಲೆ ಎಲ್ಲೆಡೆ ಹಬ್ಬಿತು.

ಚಾಲಕನ ಕತೆ ಎಲ್ಲರೂ ಹೇಳುತ್ತಾರೆ. ನನ್ನ ಕತೆ ಯಾರೂ ಹೇಳುವುದಿಲ್ಲ, ನಾನೇ ಹೇಳಬೇಕು. ಆಗ ಬೆಂಗಳೂರಿನಲ್ಲಿ ಕೆಲಸ. ರಜ ಕೊಟ್ಟಿದ್ದರು. ಮೆಜೆಸ್ಟಿಕ್ಕಿಗೆ ಹೋದೆ, ಚಾಮರಾಜನಗರದ ಬಸ್ಸು ಕಿಕ್ಕಿರಿದಿತ್ತು, ಬಿಸಿಲು ಬೇರೆ. ನನ್ನದೊಂದು ಓಟಿನಿಂದ ಏನಾಗಬೇಕು ಅಂತ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ರೂಮಿಗೆ ಬಂದು ಮಲಗಿದೆ. ಫಲಿತಾಂಶದ ದಿನ ಅಣ್ಣ ಎಸ್ಟಿಡಿ ಬೂತಿನಿಂದ ಫೋನ್ ಮಾಡಿ, "ಒಂದ್ ಓಟು ಕಣ್ಲಾ, ಒಂದೇ ಒಂದ್ ಓಟು. ನೀನು ಎಲ್ಲಿದ್ದೆ?" ಅಂದ. ಆ ದೋಸೆ ನನಗೆ ಇನ್ನೂ ಜೀರ್ಣವಾಗಿಲ್ಲ. ನಾನು ಹೋಗಿದ್ದರೆ ಯಾರಿಗೆ ಹಾಕುತ್ತಿದ್ದೆ ಅಂತ ಇಬ್ಬರ ಕಡೆಯವರೂ ಕೇಳಿದ್ದಾರೆ. ಹೇಳುವುದಿಲ್ಲ. ಒಂದು ದಾರಿಯಲ್ಲಿ ಅಂತರ ಎರಡಾಗುತ್ತಿತ್ತು, ಇನ್ನೊಂದರಲ್ಲಿ ಸಮ ಆಗಿ ಚೀಟಿ ಎತ್ತಬೇಕಾಗುತ್ತಿತ್ತು.

2025ರಲ್ಲಿ ಕೆನಡಾದ ಸಂಸತ್ ಚುನಾವಣೆಯಲ್ಲಿ ಕ್ಯುಬೆಕ್ಕಿನ ಟೆರ್‌ಬಾನ್ ಕ್ಷೇತ್ರ ಮರುಎಣಿಕೆಯಲ್ಲಿ ಒಂದೇ ಮತದಿಂದ ಲಿಬರಲ್ ಪಕ್ಷದ ಪಾಲಾದಾಗ, ಆಫೀಸಿನಲ್ಲಿ ಎಲ್ಲರೂ ಇಂಥದು ಕಂಡು ಕೇಳಿಲ್ಲ ಅಂದರು. ಅಂಚೆ ಮತದ ಲಕೋಟೆಯ ಮೇಲೆ ಪಿನ್‌ಕೋಡು ತಪ್ಪಾಗಿ ಅಚ್ಚಾಗಿತ್ತು, ಸೋತವರು ಕೋರ್ಟಿಗೆ ಹೋದರು. ನಾನು ಸಂತೇಮರಹಳ್ಳಿ ಅಂದೆ. ಉಚ್ಚರಿಸಲು ಮೂರು ಸಲ ಹೇಳಿಸಿಕೊಂಡರು.

ಇಷ್ಟು ಪ್ರಸಿದ್ಧವಾದ ಮೇಲೂ ಕ್ಷೇತ್ರ ನಾಲ್ಕೇ ವರ್ಷದಲ್ಲಿ ಅಳಿಸಿಹೋಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಮರುವಿಂಗಡಣೆ ಆಯೋಗ 2001ರ ಜನಗಣತಿ ಹಿಡಿದು ಗೆರೆ ಎಳೆಯಿತು. ಆ ಹೊಸ ಗೆರೆಗಳ ಮೇಲೆ ಮೊದಲು ಚುನಾವಣೆಗೆ ಹೋದ ರಾಜ್ಯವೇ ಕರ್ನಾಟಕ, 2008ರ ಮೇ ತಿಂಗಳಲ್ಲಿ. ಸಂತೇಮರಹಳ್ಳಿ ಜೊತೆಗೆ ಸಾತನೂರು, ಬನ್ನೂರು, ಕಿರುಗಾವಲು, ಹೊಸನಗರ, ಬ್ರಹ್ಮಾವರ, ವಿಟ್ಲ, ಉತ್ತರಹಳ್ಳಿ, ಎಲ್ಲ ಹೆಸರೂ ಹೋದವು. ನಮ್ಮ ಜಿಲ್ಲೆಯ ಐದು ನಾಲ್ಕಾಯಿತು. ಬೆಂಗಳೂರಿನವು 28 ಆದವು.

ನಮ್ಮೂರವರಿಗೆ ಹೊಟ್ಟೆ ಉರಿದದ್ದು ಸಹಜ. ಎಂಎಲ್ಎ ಕ್ಷೇತ್ರದ ಹೆಸರು ಊರಿನ ಹೆಸರಾಗಿದ್ದರೆ ಬಸ್ ನಿಲ್ಲುತ್ತದೆ, ರಸ್ತೆಗೆ ಡಾಂಬರು ಬೇಗ ಬೀಳುತ್ತದೆ, ಕೊನೆಗೆ ಪೇಪರಿನಲ್ಲಾದರೂ ಹೆಸರು ಬರುತ್ತದೆ. ಬಹಳ ವರ್ಷ ನಾನೂ ನಮಗೆ ಅನ್ಯಾಯವಾಯಿತು ಅಂತಲೇ ವಾದಿಸುತ್ತಿದ್ದೆ. ಇಲ್ಲಿನ ಪೀಲ್ ಕತೆ ಓದಿದ ಮೇಲೆ ಲೆಕ್ಕ ಬೇರೆಯಾಗಿ ಕಂಡಿತು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯಲ್ಲಿ, ಮರುವಿಂಗಡಣೆಯನ್ನೇ ತಡೆಹಿಡಿದರು. ಅಲ್ಲಿಂದ ಸುಮಾರು ಮೂವತ್ತು ವರ್ಷ ಗೆರೆ ಅಲುಗಲಿಲ್ಲ, ಜನ ಮಾತ್ರ ಊರು ಬಿಟ್ಟು ಬೆಂಗಳೂರಿಗೆ ಹೋಗುತ್ತಲೇ ಇದ್ದರು. ನಾನೂ ಹೋದೆ. ಉತ್ತರಹಳ್ಳಿ ಉಬ್ಬಿ ಉಬ್ಬಿ ಏಷ್ಯಾದಲ್ಲೇ ದೊಡ್ಡ ವಿಧಾನಸಭಾ ಕ್ಷೇತ್ರ ಅಂತ ಹೆಸರಾಯಿತು. ಅಲ್ಲಿಯೂ ಒಬ್ಬ ಶಾಸಕ, ನಲವತ್ತು ಸಾವಿರ ಮತಕ್ಕೆ ಗೆಲ್ಲುವ ನಮ್ಮಲ್ಲಿಯೂ ಒಬ್ಬ ಶಾಸಕ. ಅಂದರೆ ನಾನು ಹಾಕದೇ ಬಿಟ್ಟ ಆ ಓಟಿಗೆ, ನಾನು ಬಾಡಿಗೆಗಿದ್ದ ಬೆಂಗಳೂರಿನ ಬಡಾವಣೆಯ ಪಕ್ಕದ ಮನೆಯವನ ಓಟಿಗಿಂತ ಎಷ್ಟೋ ಪಟ್ಟು ತೂಕವಿತ್ತು. ಅನ್ಯಾಯ ನಮಗಾಗಿರಲಿಲ್ಲ, ಅವನಿಗಾಗುತ್ತಿತ್ತು.

ಇಲ್ಲಿಯವರ ಪದ್ಧತಿ ನನಗೆ ಹಿಡಿಸಿದ್ದು ಈ ಕಾರಣಕ್ಕೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ, ಸಂಸತ್ತಿನ ಸ್ಥಾನಗಳಿಗೆ ಪ್ರಾಂತ್ಯಕ್ಕೊಂದರಂತೆ ಮೂರು ಜನರ ಆಯೋಗ ಕೂರುತ್ತದೆ. ಅಧ್ಯಕ್ಷರು ನ್ಯಾಯಾಧೀಶರು. ನಕ್ಷೆ ಹೊರಗೆ ಬಿಡುತ್ತಾರೆ, ಯಾರು ಬೇಕಾದರೂ ಬಂದು ಮಾತಾಡಬಹುದು. 2022ರಲ್ಲಿ ಇಂಥ ಒಂದು ವಿಚಾರಣೆಯನ್ನು ರಾತ್ರಿ ಊಟ ಮಾಡುತ್ತಾ ಕಂಪ್ಯೂಟರಿನಲ್ಲಿ ಕೇಳಿಸಿಕೊಂಡೆ. ನಿವೃತ್ತ ಮೇಷ್ಟ್ರಂತೆ ಕಾಣುತ್ತಿದ್ದ ಒಬ್ಬರು ಗಡಿ ರಸ್ತೆಯ ಮೇಲೆ ಹೋಗಬಾರದು, ಹಳ್ಳದ ಗುಂಟ ಹೋಗಬೇಕು, ರಸ್ತೆಯ ಎರಡೂ ಬದಿಯ ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆ ಅಂತ ಸಮಾಧಾನವಾಗಿ ಹತ್ತು ನಿಮಿಷ ಹೇಳಿದರು. ಆಯೋಗದವರು ಬರೆದುಕೊಂಡರು. ಅವರ ಮಾತು ನಡೆಯಿತೋ ಇಲ್ಲವೋ ಬೇರೆ ವಿಷಯ. ನಮ್ಮ ಆಯೋಗವೂ ಬಹಿರಂಗ ಸಭೆ ನಡೆಸಿತ್ತು, ಕರಡನ್ನು ಪತ್ರಿಕೆಗಳಲ್ಲಿ ಪ್ರಕಟಿಸಿತ್ತು. ಆದರೆ ಮೂವತ್ತು ವರ್ಷಕ್ಕೊಮ್ಮೆ ಬರುವ ಸಭೆಗೆ ಹೇಗೆ ಹೋಗುವುದು, ಏನು ಕೇಳುವುದು ಅನ್ನುವ ಅಭ್ಯಾಸ ಯಾರಿಗೆ ಇರುತ್ತದೆ? ಊರಿನಲ್ಲಿ ನಾನು ವಿಚಾರಿಸಿದಾಗ ಒಬ್ಬ ಪಂಚಾಯಿತಿ ಸದಸ್ಯರಿಗೂ ಅದು ಗೊತ್ತಿರಲಿಲ್ಲ. ಜಾತ್ರೆಯಾದರೂ ವರ್ಷಕ್ಕೊಮ್ಮೆ ಬರುವುದರಿಂದ ಎಲ್ಲರಿಗೂ ತಿಥಿ ನೆನಪಿರುತ್ತದೆ. ಆಯೋಗದ ಗೆರೆ ಒಮ್ಮೆ ಗೆಜೆಟ್ಟಿನಲ್ಲಿ ಬಂದರೆ ಮುಗಿಯಿತು, ಕೋರ್ಟಿಗೆ ಹೋಗಿ ಬದಲಿಸುವುದೂ ಬಹುಮಟ್ಟಿಗೆ ಆಗದ ಮಾತು.

ಹಾಗಂತ ಇವರದ್ದೆಲ್ಲ ಚಿನ್ನ ಅಂತ ತಿಳಿಯಬೇಡಿ. 2025ರ ಫೆಬ್ರವರಿಯ ಒಂಟಾರಿಯೊ ಚುನಾವಣೆ 2018ರ ಗೆರೆಯಲ್ಲೇ ನಡೆಯಿತು. ಎರಡೇ ತಿಂಗಳಿಗೆ ಏಪ್ರಿಲಿನಲ್ಲಿ ನಡೆದ ಸಂಸತ್ ಚುನಾವಣೆಗೆ ಹೊಸ ಗೆರೆ. ಮನೆಗೆ ಬಂದ ಎರಡು ಕಾರ್ಡುಗಳಲ್ಲಿ ಎರಡು ಕ್ಷೇತ್ರ. ಎದುರು ಮನೆಯವರು ಗಾಬರಿಯಾಗಿ, ಯಾವುದೋ ಕಾರ್ಡು ತಪ್ಪು ಬಂದಿದೆ ಅಂತ ನನ್ನ ಹತ್ತಿರ ತಂದಿದ್ದರು. ಇನ್ನು ಬ್ರಾಂಪ್ಟನ್ನಿನ ಒಬ್ಬೊಬ್ಬ ಎಂಪಿಪಿ, ಅಂದರೆ ಇಲ್ಲಿಯ ಶಾಸಕ, 2021ರ ಜನಗಣತಿಯ ಲೆಕ್ಕದಲ್ಲಿ ಸುಮಾರು 1 ಲಕ್ಷ 30 ಸಾವಿರ ಜನಕ್ಕೆ ಉತ್ತರ ಕೊಡಬೇಕು. ಕರ್ನಾಟಕದ ಶಾಸಕರಿಗೆ 2011ರ ಜನಗಣತಿಯ ಲೆಕ್ಕದಲ್ಲೇ ತಲಾ 2 ಲಕ್ಷ 70 ಸಾವಿರ ದಾಟುತ್ತದೆ. ಆದರೂ ನಮ್ಮ ಎಂಎಲ್ಎ ಮನೆ ಯಾವುದು, ಬೆಳಗ್ಗೆ ಎಷ್ಟು ಗಂಟೆಗೆ ಸಿಗುತ್ತಾರೆ, ಯಾರ ಮೂಲಕ ಹೋದರೆ ಬೇಗ ಮಾತಾಡಿಸುತ್ತಾರೆ ಅನ್ನುವುದು ನಮ್ಮ ಊರಿನ ಚಿಕ್ಕ ಹುಡುಗನಿಗೂ ಗೊತ್ತು. ಇಲ್ಲಿ ನನ್ನ ಮಗಳ ತರಗತಿಯಲ್ಲಿ ಎಂಪಿಪಿ ಹೆಸರು ಗೊತ್ತಿದ್ದವರು ಇಬ್ಬರಂತೆ.

ಅಭ್ಯರ್ಥಿ ಆರಿಸುವ ರೀತಿಯಲ್ಲಂತೂ ಎರಡೂ ಕಡೆ ಬೇರೆ ಬೇರೆ ರೋಗ. ಊರಿನಲ್ಲಿ ಬಿ ಫಾರಂ ಮೇಲಿನಿಂದ ಬರಬೇಕು, ಅದಕ್ಕಾಗಿ ಬೆಂಗಳೂರು, ದಿಲ್ಲಿ ಅಂತ ಅಲೆಯಬೇಕು. ಇಲ್ಲಿ ಸಾಮಾನ್ಯವಾಗಿ ಕ್ಷೇತ್ರದ ಪಕ್ಷದ ಸದಸ್ಯರೇ ಮತ ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಕೇಳಲು ಚೆಂದ. ಒಂದು ಸಂಜೆ ಪಕ್ಕದ ಬೀದಿಯ ಹಿರಿಯರೊಬ್ಬರು ಹತ್ತು ಫಾರಂ ಹಿಡಿದು ಬಂದರು. "ಪುತ್ತರ್, ಇಲ್ಲೊಂದು ಸಹಿ ಹಾಕು, ದುಡ್ಡು ನಾನು ಕೊಡ್ತೀನಿ" ಅಂದರು. ನನಗಿನ್ನೂ ಪೌರತ್ವ ಬಂದಿರಲಿಲ್ಲ. ಪರವಾಗಿಲ್ಲ, ಪಕ್ಷದ ಸದಸ್ಯನಾಗಲು ಅದು ಬೇಕಿಲ್ಲ ಅಂದರು, ಅದು ನಿಜವೂ ಹೌದು. ಚಹಾ ಕೊಟ್ಟು ಕಳಿಸಿದೆ, ಸಹಿ ಹಾಕಲಿಲ್ಲ. ವಿದೇಶಿ ಹಸ್ತಕ್ಷೇಪದ ಬಗ್ಗೆ ವಿಚಾರಣೆ ನಡೆಸಿದ ಹೋಗ್ ಆಯೋಗ 2024ರಲ್ಲಿ ಬೊಟ್ಟು ಮಾಡಿದ ಸಡಿಲ ಜಾಗಗಳಲ್ಲಿ ಈ ಆಯ್ಕೆ ಪ್ರಕ್ರಿಯೆಯೂ ಒಂದು.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಇನ್ನೂ ಓಲಾಡುತ್ತಿದೆ. ಸಂತೇಮರಹಳ್ಳಿ ಮೀಸಲು ಕ್ಷೇತ್ರ. ಮೀಸಲಾತಿ ಇಲ್ಲದಿದ್ದರೆ ನಮ್ಮ ಕೇರಿಯ ಯಾರೂ ವಿಧಾನಸೌಧದ ಮೆಟ್ಟಿಲು ಹತ್ತುತ್ತಿರಲಿಲ್ಲ ಅನ್ನುವುದನ್ನು ಕೆನಡಾದ ಗೆಳೆಯರಿಗೆ ಅರ್ಥ ಮಾಡಿಸುವುದು ಕಷ್ಟ. ಅವರಿಗೆ ಒಂದು ಜನವರ್ಗಕ್ಕೆ ಸ್ಥಾನ ಕಾದಿರಿಸುವುದೇ ಇರುಸುಮುರುಸು. ಆದರೆ ಇವರೂ ಅದನ್ನೇ ಗೆರೆಯಲ್ಲಿ ಮಾಡಿದ್ದಾರೆ. 2018ರಲ್ಲಿ ನಮ್ಮ ಕ್ಷೇತ್ರ ಹೋದಾಗಲೇ ಒಂಟಾರಿಯೊದ ಉತ್ತರ ತುದಿಯಲ್ಲಿ ಕೀವೆಟಿನೂಂಗ್ ಎಂಬ ಹೊಸ ಕ್ಷೇತ್ರ ಹುಟ್ಟಿತು. ವಿಸ್ತೀರ್ಣ ಇಡೀ ಕರ್ನಾಟಕಕ್ಕಿಂತ ಹೆಚ್ಚು, ಜನ ಸುಮಾರು 33 ಸಾವಿರ. ಬಹುಪಾಲು ಮೂಲನಿವಾಸಿಗಳೇ ಇರುವಂತೆ ಎಳೆದ ಗೆರೆ ಅದು. ಮೀಸಲಾತಿ ಅನ್ನುವ ಮಾತೇ ಎತ್ತದೆ ಕೆಲಸ ಮುಗಿಸಿದರು. ಅಲ್ಲಿಂದ ಗೆದ್ದ ಸೋಲ್ ಮಮಾಕ್ವಾ 2024ರ ಮೇ ತಿಂಗಳಲ್ಲಿ ಟೊರಾಂಟೊದ ಕ್ವೀನ್ಸ್ ಪಾರ್ಕಿನಲ್ಲಿರುವ ಒಂಟಾರಿಯೊ ಶಾಸನಸಭೆಯಲ್ಲಿ ತಮ್ಮ ಓಜಿ–ಕ್ರೀ ಭಾಷೆಯಲ್ಲಿ ಮಾತಾಡಿದರು. ಇಂಗ್ಲಿಷ್, ಫ್ರೆಂಚ್ ಬಿಟ್ಟು ಬೇರೆ ಭಾಷೆಗೆ ಅಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು, ಅದಕ್ಕಾಗಿ ನಿಯಮವನ್ನೇ ತಿದ್ದಿದ್ದರು. ಅದಕ್ಕೆ ಎರಡು ವರ್ಷ ಮೊದಲು ಒಟ್ಟಾವಾದ ಸಂಸತ್ತಿನಲ್ಲಿ ನಮ್ಮ ಶಿರಾ ಸೀಮೆಯ ಚಂದ್ರ ಆರ್ಯ ಕನ್ನಡದಲ್ಲಿ ಮಾತಾಡಿದ ವಿಡಿಯೊ ಎಲ್ಲ ಕನ್ನಡಿಗರ ಫೋನಿಗೂ ಬಂದಿತ್ತು. ಅದನ್ನು ನೋಡಿ ನಾನೂ ಹಿಗ್ಗಿದವನೇ. ಆದರೆ ಆರ್ಯ ಗೆದ್ದ ನೇಪಿಯನ್‌ನಲ್ಲಿ ಕನ್ನಡ ಮತ ಎಷ್ಟು ಇದ್ದೀತು? ನಮಗೆ ಅದು ಹಬ್ಬದ ಹೋಳಿಗೆ, ಮಮಾಕ್ವಾ ಅವರ ಜನಕ್ಕೆ ಅದು ದಿನದ ಅನ್ನ. ಶಾಲೆಯಲ್ಲಿ ತಮ್ಮ ಭಾಷೆಯಲ್ಲಿ ಮಾತಾಡಿದ್ದಕ್ಕೆ ಹೊಡೆಸಿಕೊಂಡ ತಲೆಮಾರು ಅವರದು.

2008ರ ಮರುವಿಂಗಡಣೆಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದ ಸ್ಥಾನಗಳು 2ರಿಂದ 15ಕ್ಕೆ ಏರಿದವು ಅನ್ನುವುದನ್ನು ನಾನು ಗಮನಿಸಿದ್ದೂ ಈ ಕೀವೆಟಿನೂಂಗ್ ಬಗ್ಗೆ ಓದಿದ ಮೇಲೆಯೇ. ಪರಿಶಿಷ್ಟ ಜಾತಿಯವು 33ರಿಂದ 36 ಆದವು. ನಮ್ಮೂರ ಹೆಸರು ಹೋಯಿತು ಅಂತ ಗೊಣಗುತ್ತಿದ್ದಾಗ ಅದೇ ಪಟ್ಟಿಯಲ್ಲಿ ಇದೂ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ.

ಈಗ ಭಾರತದಲ್ಲಿ ಮತ್ತೆ ಮರುವಿಂಗಡಣೆಯ ಮಾತು. ತಡೆ 2026ರ ನಂತರದ ಮೊದಲ ಜನಗಣತಿಯವರೆಗೆ. ಲೋಕಸಭೆಯ ಸ್ಥಾನ ಜನಸಂಖ್ಯೆಯ ಮೇಲೆ ಹಂಚಿದರೆ ದಕ್ಷಿಣದ ಪಾಲು ಕುಗ್ಗುತ್ತದೆ ಅನ್ನುವ ಭಯ ಸುಳ್ಳಲ್ಲ. ಕೆನಡಾದಲ್ಲಿ ಇದಕ್ಕೆ ಹಳೇ ಮದ್ದೊಂದಿದೆ. 1915ರಿಂದಲೂ ಸೆನೆಟ್‌ನಲ್ಲಿ ಎಷ್ಟು ಸ್ಥಾನವೋ ಅದಕ್ಕಿಂತ ಕಡಿಮೆ ಸಂಸದರು ಯಾವ ಪ್ರಾಂತ್ಯಕ್ಕೂ ಇರಬಾರದು ಅನ್ನುವ ನಿಯಮ. ಅದರ ದೆಸೆಯಿಂದ ಎರಡು ಲಕ್ಷ ಜನವೂ ಇಲ್ಲದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಇವತ್ತಿಗೂ ನಾಲ್ಕು ಸಂಸದರು. ನಮ್ಮ ಬ್ರಾಂಪ್ಟನ್ನಿನವರು ಅದಕ್ಕೆ ಮೂಗು ಮುರಿಯುತ್ತಾರೆ, ನಾನೂ ಮುರಿಯುತ್ತೇನೆ. ಅದೇ ನಾನು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ದಕ್ಷಿಣದ ಸ್ಥಾನ ಒಂದೂ ಕಡಿಮೆಯಾಗಬಾರದು ಅಂತ ಉದ್ದುದ್ದ ಬರೆಯುತ್ತೇನೆ. ಬೆಳೆಯುವ ಊರಿನಲ್ಲಿದ್ದಾಗ ತಲೆ ಎಣಿಸಿ ಅನ್ನುತ್ತೇನೆ, ಬೆಳೆಯದ ಊರಿನವನಾದಾಗ ಹಳೇ ಮಾತು ನಡೆಸಿ ಅನ್ನುತ್ತೇನೆ. ಎರಡನ್ನೂ ಒಂದೇ ಬಾಯಲ್ಲಿ ಹೇಳುವುದು ಸರಿಯೋ ತಪ್ಪೋ, ಗೆರೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಅಲ್ಲಾಡಿಸುತ್ತಿರಬೇಕು ಅನ್ನುವುದರಲ್ಲಿ ಮಾತ್ರ ನನಗೆ ಅನುಮಾನ ಉಳಿದಿಲ್ಲ. ರಾಜ್ಯದೊಳಗಿನ ಗೆರೆಗಾದರೂ ಅಷ್ಟು ಆಗಲಿ.

ಮಗಳ ಹೋಂವರ್ಕಿಗೆ ಅವ್ವನ ಹತ್ತಿರವೂ ಕೇಳೋಣ ಅಂತ ಭಾನುವಾರ ವಿಡಿಯೊ ಕಾಲ್ ಮಾಡಿದೆವು. ಸಂತೇಮರಹಳ್ಳಿ ಕ್ಷೇತ್ರ ಹೋದ ಮೇಲೆ ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು, ಆಮೇಲೆ ಎರಡು ಸಲ ಸಂಸದರಾದರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಅದಾಗಿ ಎರಡೇ ತಿಂಗಳಿಗೆ ಕೃಷ್ಣಮೂರ್ತಿ ಅದೇ ಕೊಳ್ಳೇಗಾಲದಿಂದ ಗೆದ್ದರು, ಅದೂ ಕಾಂಗ್ರೆಸ್ಸಿನಿಂದಲೇ. ಇದನ್ನೆಲ್ಲ ನಾನು ಮಗಳಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ಅವ್ವ ನಡುವೆ ಬಾಯಿ ಹಾಕಿ, "ಯಾರು, ನಮ್ಮ ಸಂತೇಮರಳ್ಳಿ ಎಮ್ಮೆಲ್ಲೇನಾ?" ಅಂದಳು.

"ಅವ್ವ, ಸಂತೇಮರಹಳ್ಳಿ ಇಲ್ಲ ಈಗ, ಕೊಳ್ಳೇಗಾಲ."

"ಕೊಳ್ಳೇಗಾಲ ನಿಂಗೆ" ಅಂದವಳು ಮೊಮ್ಮಗಳ ಕಡೆ ತಿರುಗಿ, ಅಲ್ಲಿ ಚಳಿ ಇನ್ನೂ ಇದೆಯಾ, ಕಾಲಿಗೆ ಏನು ಹಾಕ್ಕೊಂಡಿದ್ದೀಯ, ತೋರಿಸು ಅಂತ ಶುರು ಮಾಡಿದಳು.